ಸುದ್ದಿ ಬಂದಿಲ್ಲ ಎಂದರೆ ಸರಿ

ಅಪ್ಪ ಕಾಣೆಯಾಗಿದ್ದು ಒಂದು ಶನಿವಾರ. 2014ರ ಆಗಸ್ಟ್ 16. ಹಿಂದಿನ ದಿನ ಶಾಲೆಯಲ್ಲಿ ಬಾವುಟ ಹಾರಿಸಿ, ಮಕ್ಕಳಿಗೆ ಹಂಚಿ ಉಳಿದ ನಾಲ್ಕು ಲಾಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದಿದ್ದರಂತೆ. ಶನಿವಾರ ಬೆಳಗಿನ ಶಾಲೆ. ಊಟಕ್ಕೆ ಬರ್ತೇನೆ, ಹಪ್ಪಳ ಕರಿದಿಡು ಎಂದು ಅಮ್ಮನಿಗೆ ಹೇಳಿ ಹೊರಟವರು.

ಸಾಗರದಿಂದ ಸಿಗಂದೂರಿನ ದಾರಿ ಹಿಡಿದರೆ ಅಂಬಾರಗೋಡ್ಲು ಸಿಗುತ್ತದೆ. ಆಗ ಅಲ್ಲಿಗೆ ರಸ್ತೆ ಮುಗಿದು ನೀರು ಶುರುವಾಗುತ್ತಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಶರಾವತಿ ಹರಡಿಕೊಂಡು, ಆಚೆಗಿನ ತುಮರಿ ಸೀಮೆ ದ್ವೀಪದ ಹಾಗಾಯಿತು. ಲಾಂಚ್ ಹತ್ತಿ ಆಚೆ ಕಳಸವಳ್ಳಿಯಲ್ಲಿ ಇಳಿಯಬೇಕಿತ್ತು. ಅಪ್ಪ ಆಚೆ ಕಡೆಯ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮನೆ ಈಚೆ. ಹನ್ನೊಂದು ವರ್ಷ ದಿನಕ್ಕೆರಡು ಸಲ ಆ ನೀರು ದಾಟಿದ್ದರು. ಲಾಂಚಿನ ಮೇಲೆ ಬಸ್ಸು, ಜೀಪು, ಬೈಕು, ಜನ ಎಲ್ಲ ಒಟ್ಟಿಗೆ. ಅಪ್ಪ ಬಸ್ಸಿನ ಪಕ್ಕೆಗೆ ಒರಗಿ ನಿಂತು, ಮಕ್ಕಳ ನೋಟ್‌ಬುಕ್ ತಿದ್ದುತ್ತಾ ಬರುತ್ತಿದ್ದರು ಅಂತ ಆ ದಾರಿಯವರಿಗೆಲ್ಲ ಗೊತ್ತು.

ಅವತ್ತು ಮೇಷ್ಟ್ರು ಲಾಂಚ್ ಹತ್ತಿದ್ದನ್ನು ನೋಡಿದೆ ಎಂದವರು ಒಬ್ಬರಿದ್ದಾರೆ. ಈಚೆ ದಡದಲ್ಲಿ ಇಳಿದದ್ದನ್ನು ನೋಡಿದವರು ಯಾರೂ ಇಲ್ಲ. ದಿನಾ ಅವರನ್ನು ಕರೆತರುತ್ತಿದ್ದ ಬಸ್ಸಿನ ಕಂಡಕ್ಟರ್ ಮಾತ್ರ, "ಮೇಷ್ಟ್ರು ಅವತ್ತು ಬರ್ಲೇ ಇಲ್ಲ" ಅಂದರು. ಜಡಿಮಳೆ, ಎಲ್ಲರೂ ಕೊಡೆಯೊಳಗೆ ತಲೆ ತೂರಿಸಿಕೊಂಡು ನಿಂತಿದ್ದ ದಿನ. ಮುಂದಿನ ಇಷ್ಟೂ ವರ್ಷಗಳ ತನಿಖೆ ಸುತ್ತಿದ್ದು ಆ ಒಂದು ದಾಟುವಿಕೆಯನ್ನೇ.

ನಾನು ಬೆಂಗಳೂರಿನಲ್ಲಿದ್ದೆ. ರಾತ್ರಿ ಒಂಬತ್ತಕ್ಕೆ ಚಿಕ್ಕಪ್ಪನ ಫೋನ್. ಬೆಳಗ್ಗೆ ಊರು ತಲುಪಿದವಳು ಸೀದಾ ಪೊಲೀಸ್ ಸ್ಟೇಷನ್ನಿಗೆ ಹೋದೆ. "ಇಪ್ಪತ್ನಾಲ್ಕು ಗಂಟೆ ಆಗ್ಲಿ ತಂಗಿ, ಬರ್ತಾರೆ. ಸ್ನೇಹಿತರ ಮನೇಲಿ ಉಳ್ಕೊಂಡಿರ್ಬಹುದು" ಅಂದರು. ಆಮೇಲೆ ಭಾನುವಾರ ಅಂದರು. ದೂರು ಬರೆದುಕೊಂಡಿದ್ದು ಸೋಮವಾರ. ಇಪ್ಪತ್ನಾಲ್ಕು ಗಂಟೆ ಕಾಯಬೇಕು ಅನ್ನೋ ನಿಯಮ ಯಾವ ಕಾನೂನಿನಲ್ಲೂ ಇಲ್ಲ ಎಂದು ನನಗೆ ಗೊತ್ತಾಗಿದ್ದು ಎಷ್ಟೋ ತಿಂಗಳ ಮೇಲೆ. ಸಿನಿಮಾ ನೋಡಿ ನೋಡಿ ನಾವೂ ಅದನ್ನು ನಂಬಿಬಿಟ್ಟಿದ್ದೆವು. ಮನೆಯವರು ಯಾರಾದರೂ ಕಾಣದಿದ್ದರೆ ಆ ಹೊತ್ತಿಗೇ ಹೋಗಿ ದೂರು ಕೊಡಿ, ಪ್ರತಿಗೆ ಸೀಲು ಹಾಕಿಸಿಕೊಂಡೇ ಬನ್ನಿ.

ಎಫ್‌ಐಆರ್‌ನಲ್ಲಿ ಕಲಂ ಬರೆಯುವ ಜಾಗದಲ್ಲಿ ಯಾವ ನಂಬರೂ ಇರಲಿಲ್ಲ. "ಮನುಷ್ಯ ಕಾಣೆ" ಅಂತ ಇತ್ತು, ಅಷ್ಟೇ. ಸ್ಟೇಷನ್ ರೈಟರ್ ಅಮ್ಮನನ್ನು ಎದುರು ಕೂರಿಸಿಕೊಂಡು ಚಹರೆ ಕೇಳಿದರು. ಎತ್ತರ? ಅಮ್ಮ ಎದ್ದು ನಿಂತು ತನ್ನ ತಲೆಯಿಂದ ಒಂದು ಗೇಣು ಮೇಲೆ ಕೈ ತೋರಿಸಿದಳು. ಮೈಬಣ್ಣ? "ಕಪ್ಪೂ ಅಲ್ಲ, ಕೆಂಪೂ ಅಲ್ಲ." "ಎಣ್ಣೆಗೆಂಪು ಅಂತ ಹಾಕ್ತೀನಮ್ಮ." ಮುಖ? ಕೋಲುಮುಖ. ಬಟ್ಟೆ? "ಆಕಾಶ ನೀಲಿ ಶರ್ಟು, ಕಪ್ಪು ಪ್ಯಾಂಟು."

ಈ ನೀಲಿ ಶರ್ಟಿನ ಕಥೆ ಹೇಳಲೇಬೇಕು. ಎಫ್‌ಐಆರ್ ಆಗಿ ಐದನೇ ದಿನಕ್ಕೆ ಇಸ್ತ್ರಿ ಅಂಗಡಿಯ ಹುಡುಗ ಒಂದು ಕಟ್ಟು ಬಟ್ಟೆ ತಂದುಕೊಟ್ಟ. ಮೇಲುಗಡೆಯೇ ಆಕಾಶ ನೀಲಿ ಶರ್ಟು, ಮಡಿಕೆ ಮುರಿಯದೆ ಕೂತಿತ್ತು. ಅಮ್ಮ ಗಾಬರಿಯಲ್ಲಿ ಶುಕ್ರವಾರದ ಶರ್ಟು ಹೇಳಿದ್ದಳು. ಹಾಗಾದರೆ ಶನಿವಾರ ಯಾವುದು ಹಾಕಿಕೊಂಡಿದ್ದರು? ಬೀರುವಿನ ಶರ್ಟುಗಳನ್ನೆಲ್ಲ ಮಂಚದ ಮೇಲೆ ಹರಡಿ, ಇಲ್ಲದ್ದು ಯಾವುದು ಎಂದು ಲೆಕ್ಕ ಹಾಕಿದೆವು. ಕಂದು ಬಣ್ಣದ ಚೌಕುಳಿಯದು ಇರಲಿಲ್ಲ. ಅವತ್ತೇ ಹೋಗಿ ಮರುಹೇಳಿಕೆ ಕೊಟ್ಟೆವು, ಬರೆದುಕೊಂಡರು. ಆದರೆ ಎಲ್ಲ ಠಾಣೆಗಳಿಗೂ, ಪೇಪರಿನವರಿಗೂ ಹೋದ ಪ್ರಕಟಣೆ ಮೊದಲಿನದ್ದೇ. ಆಮೇಲೆ ಯಾವ ಕಾಗದ ನೋಡಿದರೂ ಅಪ್ಪ ನೀಲಿ ಶರ್ಟಿನಲ್ಲೇ ಇದ್ದರು. ಇದರಿಂದ ಆದ ಅನಾಹುತ ಏನೆಂದರೆ, ಎಲ್ಲೋ ಗುರುತು ಸಿಗದ ಶವದ ಮೇಲೆ ನೀಲಿ ಶರ್ಟಿದ್ದರೆ ನಮಗೆ ಫೋನ್ ಬರುತ್ತಿತ್ತು. ಕಂದು ಚೌಕುಳಿ ಶರ್ಟು ಎಲ್ಲಾದರೂ ಸಿಕ್ಕಿದ್ದರೂ ಯಾರೂ ನಮಗೆ ಫೋನ್ ಮಾಡುತ್ತಿರಲಿಲ್ಲ. ನೀಲಿ ಶರ್ಟಿಗಾಗಿ ಮೂರು ಶವಾಗಾರ ನೋಡಿದೆವು. ಅದರ ಬಗ್ಗೆ ಜಾಸ್ತಿ ಬರೆಯಲಾರೆ.

ಮೊದಲ ವಾರ ಹಿನ್ನೀರಿನಲ್ಲಿ ಹುಡುಕಿದರು. ಅಗ್ನಿಶಾಮಕದವರು, ಊರಿನ ದೋಣಿಗಳು. ಮಳೆಗಾಲ, ಡ್ಯಾಮು ತುಂಬುತ್ತಿದ್ದ ಹೊತ್ತು. ನೀರಿನಡಿ, ಅಣೆಕಟ್ಟು ಆದಾಗ ಮುಳುಗಿದ ಕಾಡು ಇನ್ನೂ ಇದೆ, ಬೊಡ್ಡೆಗಳು ನಿಂತ ಹಾಗೇ ನಿಂತಿವೆ. "ಬೊಡ್ಡೆಗೆ ಸಿಕ್ಕಿದ್ರೆ ಮೇಲೆ ಬರೋದಿಲ್ಲ ಮಗಾ" ಎಂದು ದೋಣಿಯ ಒಬ್ಬರು ಅಜ್ಜ ಮೆತ್ತಗೆ ಹೇಳಿದರು. ಮರುವರ್ಷದ ಬೇಸಿಗೆಯಲ್ಲಿ ನೀರು ಇಳಿದಾಗ ತಮ್ಮನೂ ಚಿಕ್ಕಪ್ಪನೂ ಕೆಸರು ಬಿರಿದ ದಂಡೆಗುಂಟ ಎರಡು ದಿನ ನಡೆದರು. ಕರ್ರಗಿನ ಬೊಡ್ಡೆಗಳು, ಬಿಯರ್ ಬಾಟ್ಲಿ, ಯಾರದೋ ಒಂಟಿ ಚಪ್ಪಲಿ, ಹಳೇ ಮನೆಯ ಅಡಿಪಾಯದ ಕಲ್ಲು. ಚಪ್ಪಲಿಯನ್ನು ತಮ್ಮ ಮನೆವರೆಗೂ ತಂದ. ಒಂಬತ್ತನೇ ನಂಬರು. ಅಪ್ಪಂದು ಏಳು.

ಅಂಜನ ಹಾಕಿಸಿದೆವು, ಪ್ರಶ್ನೆ ಕೇಳಿಸಿದೆವು. ವೀಳ್ಯದೆಲೆಯ ಕಪ್ಪಿನಲ್ಲಿ ಒಬ್ಬರಿಗೆ ಪಡುವಣ ದಿಕ್ಕು ಕಂಡಿತು, ಇನ್ನೊಬ್ಬರಿಗೆ ಮೂಡಣ. ಸಿಗಂದೂರು ಚೌಡೇಶ್ವರಿ ಕಳ್ಳರನ್ನು ಬಿಡುವುದಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ತೋಟ, ಅಂಗಡಿಗಳ ಮುಂದೆ "ದೇವಿಯ ರಕ್ಷಣೆ ಇದೆ" ಎಂದು ಬೋರ್ಡು ಹಾಕುತ್ತಾರೆ. ಅಮ್ಮ ಅಲ್ಲಿ ಹರಕೆ ಹೇಳಿಕೊಂಡಳು. ಕದ್ದವರಿದ್ದರೆ ತಾನೇ ಕಳ್ಳ ಸಿಗೋದು ಅಂತ ನಾನು ಒಳಗೊಳಗೇ ಗೊಣಗಿದೆ. ಆದರೂ ಕೈ ಮುಗಿದೆ, ಸುಳ್ಳು ಯಾಕೆ ಹೇಳಲಿ.

ಪೊಲೀಸರು ಕಾಲ್ ವಿವರ ತರಿಸಿದರು. ಅಪ್ಪನ ಕೊನೆಯ ಕರೆ ಮಧ್ಯಾಹ್ನ 12.40ಕ್ಕೆ, ಗ್ಯಾಸ್ ಸಿಲಿಂಡರ್ ಬುಕ್ ಮಾಡುವ ನಂಬರಿಗೆ. ಆಮೇಲೆ ಫೋನ್ ಸ್ವಿಚ್ ಆಫ್. "ಸತ್ತು ಹೋಗ್ಬೇಕು ಅಂತಿರೋರು, ಮನೆ ಬಿಟ್ಟು ಓಡಿಹೋಗೋರು ಗ್ಯಾಸ್ ಬುಕ್ ಮಾಡ್ತಾರಾ ಸರ್?" ಎಂದು ಕೇಳಿದೆ. ಪಿಎಸ್‌ಐ ಒಳ್ಳೆಯವರೇ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮನೆಯವರಿಗೆ ತೊಂದ್ರೆ ಆಗ್ಬಾರ್ದು ಅಂತ್ಲೂ ಮಾಡಿರಬಹುದಲ್ವಾ?" ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿಲಿಂಡರ್ ಆಮೇಲೆ ಬಂತು, ಅಪ್ಪನ ಹೆಸರಿನ ರಸೀದಿಯ ಜೊತೆ.

ಟವರ್ ಲೊಕೇಶನ್ ಅಂದರೆ ಮನುಷ್ಯ ನಿಂತ ಜಾಗ ಅಂತಲೇ ನಾವು ತಿಳಿದಿದ್ದೆವು. ಅಲ್ಲ. ಫೋನು ಯಾವ ಟವರ್ ಹಿಡಿದಿತ್ತು ಅಂತ ಮಾತ್ರ ಗೊತ್ತಾಗುತ್ತದೆ. ಗುಡ್ಡ, ಕಾಡು ಅಡ್ಡ ಇಲ್ಲದ ನೀರಿನ ಮೇಲೆ ಸಿಗ್ನಲ್ ದೂರ ಹೋಗುತ್ತದೆ. ಈಚೆ ದಡದಲ್ಲಿ ನಿಂತವರ ಫೋನು ಆಚೆ ದಡದ ಟವರನ್ನು ಹಿಡಿಯಬಹುದು. ಹಾಗಾಗಿ ಕೊನೆಯ ಕರೆ ಆಚೆಯಿಂದಲೋ, ಲಾಂಚಿನ ಮೇಲಿಂದಲೋ, ಈಚೆಯಿಂದಲೋ ಎಂಬುದು ಇತ್ಯರ್ಥವಾಗಲೇ ಇಲ್ಲ. ಇನ್ನೊಂದು ವಿಷಯ. ಆಗ ಮೊಬೈಲ್ ಕಂಪನಿಗಳು ಕಾಲ್ ವಿವರ ಇಟ್ಟುಕೊಳ್ಳಬೇಕಾಗಿದ್ದ ಅವಧಿ ಒಂದು ವರ್ಷ. 2021ರ ಡಿಸೆಂಬರ್‌ನಲ್ಲಿ ಅದನ್ನು ಎರಡು ವರ್ಷ ಮಾಡಿದರು. 2016ರಲ್ಲಿ ಬಂದ ಹೊಸ ಪಿಎಸ್‌ಐ, ಅಪ್ಪನ ಸಹೋದ್ಯೋಗಿಗಳ ಕಾಲ್ ವಿವರ ತೆಗೆಸೋಣ ಎಂದು ಉತ್ಸಾಹದಿಂದ ಹೇಳಿದಾಗ, ತೆಗೆಸಲು ಏನೂ ಉಳಿದಿರಲಿಲ್ಲ.

ಒಟ್ಟು ಐದು ಜನ ಪಿಎಸ್‌ಐ ಬಂದು ಹೋದರು. ಪ್ರತಿಯೊಬ್ಬರ ಮುಂದೆಯೂ ಲಾಡಿನಿಂದ ಶುರು ಮಾಡಿ ಹೇಳಬೇಕಿತ್ತು.

ಜಾಮೀನಿನ ವಿಷಯವೂ ಬಂತು. ಅಪ್ಪ ತಮ್ಮ ಜೊತೆಯ ಒಬ್ಬ ಮೇಷ್ಟ್ರ ಎರಡು ಲಕ್ಷದ ಸಾಲಕ್ಕೆ ಜಾಮೀನು ಹಾಕಿದ್ದರು. ಅವರು ಕಂತು ಕಟ್ಟದೆ ಅಪ್ಪನ ಸಂಬಳಕ್ಕೆ ಕೈ ಬಿದ್ದಿತ್ತು. ಆ ಸಲ ಊರಿಗೆ ಹೋದಾಗ ನಾನು ಜೋರಾಗಿಯೇ ಜಗಳ ಮಾಡಿದ್ದೆ. "ಲೆಕ್ಕದ ಮೇಷ್ಟ್ರಂತೆ, ಲೆಕ್ಕ ಬರಲ್ಲ ನಿಮಗೆ" ಎಂಬ ಮಾತು ಬಾಯಿಂದ ಬಂದಿತ್ತು. ಅಪ್ಪ ನಕ್ಕಿದ್ದರು. ಆಮೇಲೆ ಎರಡು ವಾರ ನಾನು ಫೋನ್ ಮಾಡಲಿಲ್ಲ, ಅವರೂ ಮಾಡಲಿಲ್ಲ. ಇದನ್ನು ಪೊಲೀಸರಿಗೆ ನಾನೇ ಹೇಳಿದೆ. ಹೇಳಿಕೆಯಲ್ಲಿ ಅದು "ಕುಟುಂಬದಲ್ಲಿ ಹಣಕಾಸಿನ ವಿಚಾರವಾಗಿ ಮನಸ್ತಾಪವಿದ್ದು" ಎಂದಾಯಿತು. ಆ ಸಾಲು ಕಡತದಲ್ಲಿ ಹಾಗೇ ಉಳಿಯಿತು, ಏಳು ವರ್ಷದ ಮೇಲೆ ನನ್ನ ಕಣ್ಣ ಮುಂದೆ ಮತ್ತೆ ಬಂತು.

2015ರಲ್ಲಿ ಹೈಕೋರ್ಟಿಗೆ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದೆವು. ಅರ್ಜಿ ಬಾಕಿ ಇದ್ದಷ್ಟು ದಿನ ತನಿಖೆಗೆ ಜೀವ ಬಂತು. ಉಡುಪಿ, ಧರ್ಮಸ್ಥಳ, ಗೋಕರ್ಣ ಅಂತ ಎರಡು ತಂಡ ತಿರುಗಿದವು. ಕೊನೆಗೆ, ಇದು ಯಾರನ್ನಾದರೂ ಅಕ್ರಮವಾಗಿ ಹಿಡಿದಿಟ್ಟಾಗ ಬಿಡಿಸಲು ಇರುವ ಅರ್ಜಿ, ಅಂಥ ಆರೋಪವೇ ಇಲ್ಲವಲ್ಲ, ಪೊಲೀಸರು ತನಿಖೆ ಮುಂದುವರಿಸಲಿ ಎಂದು ಮುಗಿಸಿದರು. ಮುಂದುವರಿಯಿತು. ಅಂದರೆ ಕಡತ ಕಪಾಟಿಗೆ ಹೋಯಿತು.

2016ರಲ್ಲಿ ಕಾಡಂಚಿನಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತು. ಶರ್ಟು ಇಲ್ಲದ್ದಕ್ಕೆ ಇರಬೇಕು, ನಮ್ಮನ್ನೂ ಕರೆದರು. ನನ್ನ ಫೋಟೋ ಅಂಟಿಸಿದ ಫಾರಂ ಮೇಲೆ ಡಾಕ್ಟರ ಸಹಿ ಆಗಿ, ನನ್ನ ರಕ್ತ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಯಿತು. ನಾನು ಆಗ ಇದ್ದಿದ್ದು ಬಿಟಿಎಂ ಲೇಔಟಿನಲ್ಲಿ. ದಿನಾ ಆಫೀಸಿನ ಬಸ್ಸು ಮಡಿವಾಳದ ಮೇಲೇ ಹೋಗುತ್ತಿತ್ತು. ಒಳಗೆಲ್ಲೋ ನನ್ನ ರಕ್ತವೂ ಯಾರದೋ ಮೂಳೆಯೂ ಅಕ್ಕಪಕ್ಕ ಇದ್ದಾವೆ ಎಂದು ಆರೇಳು ತಿಂಗಳು ಆ ಸ್ಟಾಪಿನಲ್ಲಿ ಅಂದುಕೊಳ್ಳುತ್ತಿದ್ದೆ. ವರದಿ ಬಂತು. ಹೊಂದಾಣಿಕೆ ಇಲ್ಲ. ಅಮ್ಮ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಾನು ಬಾತ್‌ರೂಮಿನಲ್ಲಿ ಅತ್ತೆ. ಯಾವುದಕ್ಕೆ ಅಂತ ಈಗಲೂ ಗೊತ್ತಿಲ್ಲ.

ಆಧಾರ್ ಬೆರಳಚ್ಚು ಇಟ್ಟುಕೊಂಡು ಗುರುತಿಲ್ಲದ ಶವಗಳ ಜೊತೆ ಹೋಲಿಸಬಹುದಲ್ಲ ಎಂದು ತಮ್ಮ ಅಲೆದ. ಬೆರಳಚ್ಚು, ಕಣ್ಣಿನ ಗುರುತನ್ನು ಯಾವ ಕಾರಣಕ್ಕೂ ಯಾರಿಗೂ ಕೊಡುವಂತಿಲ್ಲ ಎಂದು 2016ರ ಆಧಾರ್ ಕಾಯ್ದೆಯಲ್ಲೇ ಇದೆ. ಅಲ್ಲಿಗೆ ಅದೂ ಮುಗಿಯಿತು.

ಇದೆಲ್ಲ ನಡೆಯುವಾಗ ಇಲಾಖೆಯ ಕಣ್ಣಲ್ಲಿ ಅಪ್ಪ ಕಾಣೆಯಾದವರಲ್ಲ, ಗೈರುಹಾಜರಾದವರು. ಅನಧಿಕೃತ ಗೈರುಹಾಜರಿಗೆ ಏಳು ದಿನದೊಳಗೆ ಖುದ್ದು ಹಾಜರಾಗಿ ಸಮಜಾಯಿಷಿ ಕೊಡಿ ಎಂದು ಅಪ್ಪನ ಹೆಸರಿಗೇ ರಿಜಿಸ್ಟರ್ಡ್ ಪೋಸ್ಟ್ ಬಂತು. ಪೋಸ್ಟ್‌ಮನ್ ಅಪ್ಪನ ಶಿಷ್ಯ. ಲಕೋಟೆ ಹಿಡಿದು ಜಗಲಿಯಲ್ಲಿ ಕೂತು, "ಏನಂತ ಬರೀಲಿ ಅಮ್ಮ?" ಎಂದು ಕೇಳಿದ. ಅಮ್ಮ ಕಾಫಿ ಕೊಟ್ಟು, "ಊರಲ್ಲಿಲ್ಲ ಅಂತ ಬರಿ" ಅಂದಳು. ಎಫ್‌ಐಆರ್ ಪ್ರತಿಯನ್ನು ನಾನು ಮೂರು ಸಲ ಆಫೀಸಿಗೆ ಕೊಟ್ಟಿದ್ದೆ. ಮೂರನೇ ಸಲ ಸ್ವೀಕೃತಿ ಪಡೆದ ಮೇಲೆ ನೋಟಿಸು ನಿಂತಿತು.

ಸಂಬಳ ನಿಂತ ಮನೆ ಹೇಗೆ ನಡೆಯಿತು ಅನ್ನೋದು ಬೇರೆಯೇ ಕಥೆ. ಕಾಣೆಯಾದ ನೌಕರರ ಮನೆಯವರು ಕುಟುಂಬ ಪಿಂಚಣಿಗೆ ಏಳು ವರ್ಷ ಕಾಯಬೇಕಾಗಿಲ್ಲ ಎಂದು ನಮಗೆ ಹೇಳಿದ್ದು ಒಬ್ಬರು ರಿಟೈರ್ಡ್ ಹೆಡ್‌ಮೇಷ್ಟ್ರು. ಎಫ್‌ಐಆರ್, ಪತ್ತೆಯಾಗಿಲ್ಲ ಎಂಬ ಪೊಲೀಸ್ ವರದಿ, ಜೊತೆಗೊಂದು ಬಾಂಡು. ಅವರು ವಾಪಸ್ ಬಂದರೆ ದುಡ್ಡು ಹಿಂದಿರುಗಿಸುತ್ತೇವೆ ಎಂದು ಅಮ್ಮ ಬರೆದುಕೊಡಬೇಕು. "ಬಂದ್ರೆ ಅವ್ರೇ ಕಟ್ತಾರೆ ಬಿಡು" ಎಂದು ಅಮ್ಮ ಸಹಿ ಹಾಕಿದಳು. ಬಾಂಡಿಗೆ ಇಬ್ಬರು ಜಾಮೀನುದಾರರು ಬೇಕಿತ್ತು. ಒಬ್ಬರು ಚಿಕ್ಕಪ್ಪ. ಇನ್ನೊಬ್ಬರು ಸಿಗದೆ ಒದ್ದಾಡುವಾಗ ಒಂದು ಸಂಜೆ ಆ ಸಾಲದ ಮೇಷ್ಟ್ರು ಬಂದರು. ಎರಡು ವರ್ಷದಿಂದ ನಮ್ಮ ಬೀದಿಗೇ ಬರದಿದ್ದವರು. ಚಪ್ಪಲಿ ಬಿಟ್ಟು ಒಳಗೂ ಬರಲಿಲ್ಲ. ಜಗಲಿಯಲ್ಲಿ ನಿಂತೇ, "ನಾ ಹಾಕ್ತೀನಿ ಅಕ್ಕಾ" ಅಂದರು. ಅಮ್ಮ ಪೆನ್ನು ತಂದುಕೊಟ್ಟಳು. ನನಗೆ ಅವರ ಮುಖ ನೋಡಲು ಆಗಲಿಲ್ಲ. ಅವರಿಗೂ ನನ್ನದು.

2019ರ ಮೇ 31ಕ್ಕೆ ಅಪ್ಪ ರಿಟೈರ್ ಆದರು. ಹುಟ್ಟಿದ ದಿನ 1959ರ ಜೂನ್ 1. ಆ ಕಾಲದಲ್ಲಿ ಅರ್ಧ ಊರೇ ಜೂನ್ ಒಂದಕ್ಕೆ ಹುಟ್ಟಿದ್ದು. ಶಾಲೆಗೆ ಸೇರಿಸಿಕೊಂಡ ಮೇಷ್ಟ್ರು ಕೊಟ್ಟ ಹುಟ್ಟುಹಬ್ಬ ಅದು. ಅರವತ್ತು ತುಂಬಿದಾಗ ಅಪ್ಪ ಎಲ್ಲಿದ್ದರೋ, ಇದ್ದರೋ. ಸೇವಾ ಪುಸ್ತಕದಲ್ಲಿ ಮಾತ್ರ ವಯೋನಿವೃತ್ತಿ ಆಯಿತು.

ಆಗ ಇದು ಬರೀ ಒಂದು ನಮೂದು ಅನ್ನಿಸಿತ್ತು. ಅದರ ಏಟು ಗೊತ್ತಾಗಿದ್ದು ಏಳು ವರ್ಷ ತುಂಬಿದ ಮೇಲೆ. ಏಳು ವರ್ಷ ಆದ ಕೂಡಲೇ ಕಾಣೆಯಾದವರು ಕಾನೂನಿನಲ್ಲಿ ತಾನಾಗಿಯೇ ಸತ್ತಂತೆ ಎಂದು ನಾವು ತಿಳಿದಿದ್ದೆವು. ಹಾಗಲ್ಲ, ಕೋರ್ಟಿಗೆ ಹೋಗಿ ಹೇಳಿಸಿಕೊಳ್ಳಬೇಕು. ಅದಕ್ಕಿಂತ ಕಷ್ಟದ್ದು ಯಾವತ್ತು ಸತ್ತರು ಎಂಬುದು. ಜೀವ ವಿಮೆಯ ಒಂದು ಪ್ರಕರಣದಲ್ಲಿ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿರುವುದು ಇಷ್ಟು: ಸತ್ತಿದ್ದಾರೆ ಎಂದು ಭಾವಿಸಬಹುದು, ಕಾಣೆಯಾದ ದಿನವೇ ಸತ್ತರು ಎಂದು ಭಾವಿಸುವಂತಿಲ್ಲ. ದಿನ ಬೇಕಿದ್ದರೆ ಸಾಕ್ಷಿ ಕೊಡಬೇಕು. ನಮ್ಮ ಹತ್ತಿರ ಎಲ್ಲಿದೆ ಸಾಕ್ಷಿ? ಹಾಗಾಗಿ ಅಪ್ಪನ ಸಾವು 2021ಕ್ಕೆ ಬರುತ್ತದೆ, ಅಂದರೆ ನಿವೃತ್ತಿಯ ನಂತರ. ಅನುಕಂಪದ ಕೆಲಸ ಸಿಗುವುದು ಸೇವೆಯಲ್ಲಿದ್ದಾಗ ತೀರಿಕೊಂಡವರ ಮನೆಗೆ. ಏಳು ವರ್ಷ ತಮ್ಮ ಅದನ್ನೇ ನಂಬಿ ಕೂತಿದ್ದ. ವಕೀಲರು ಇದನ್ನು ಬಿಡಿಸಿ ಹೇಳುವಾಗ ಅವನು ಕಿಟಕಿಯಾಚೆ ನೋಡುತ್ತಿದ್ದ. ಈಗ ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಚೆನ್ನಾಗಿಯೇ ನಡೆಯುತ್ತದೆ.

ಸರ್ಕಾರದ ಮೇಲೆ ದಾವೆ ಹೂಡಬೇಕಾದರೆ ಎರಡು ತಿಂಗಳು ಮುಂಚೆ ನೋಟಿಸ್ ಕೊಡಬೇಕು. ಕೊಟ್ಟು, 2021ರ ಡಿಸೆಂಬರ್‌ನಲ್ಲಿ ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಿದೆವು. ಅರ್ಜಿಯಲ್ಲಿ ಟೈಪಿಸ್ಟ್ ಅಪ್ಪನ ಹೆಸರಿನ ಹಿಂದೆ "ದಿ॥" ಎಂದು ಹಾಕಿದ್ದರು. ಅಮ್ಮ ಕನ್ನಡಕ ಏರಿಸಿ ನೋಡಿ, "ಇದನ್ನು ಜಡ್ಜ್ ಹೇಳ್ಬೇಕಾದ್ದು ಅಲ್ವಾ? ನೀವ್ಯಾಕೆ ಮೊದ್ಲೇ ಹಾಕಿದ್ರಿ?" ಎಂದು ಕೇಳಿದಳು. ವಕೀಲರು ನಕ್ಕು, ಆ ಪುಟವನ್ನು ಬೇರೆ ಟೈಪ್ ಮಾಡಿಸಿದರು.

ಆಗ ಇದ್ದದ್ದು ಸಾಕ್ಷ್ಯ ಅಧಿನಿಯಮದ 108ನೇ ಕಲಂ. 2024ರ ಜುಲೈಯಿಂದ ಹೊಸ ಕಾನೂನು ಬಂದು ಅದು 111 ಆಗಿದೆ. ತಿರುಳು ಅದೇ. ಆ ಮನುಷ್ಯ ಬದುಕಿದ್ದರೆ ಸಹಜವಾಗಿ ಯಾರಿಗೆ ಅವರ ಸುದ್ದಿ ತಿಳಿಯುತ್ತಿತ್ತೋ, ಅವರಿಗೆ ಏಳು ವರ್ಷ ಸುದ್ದಿ ಇರಬಾರದು. ಪೊಲೀಸರು, ಟವರು, ಡಿಎನ್‌ಎ, ಇಷ್ಟೆಲ್ಲ ಆದ ಮೇಲೆ ಕೊನೆಗೆ ಉಳಿದ ಸಾಕ್ಷಿ ಎಂದರೆ ನಮಗೆ ಫೋನ್ ಬಂದಿಲ್ಲ ಎಂಬುದು. ಅಪ್ಪ ನನ್ನ ಹತ್ತಿರ ಮಾತಾಡಿಲ್ಲ ಎಂದು ನಾನು ಪ್ರಮಾಣ ಮಾಡಿ ಹೇಳಬೇಕು.

ಕಟಕಟೆ ಸಣ್ಣದು, ಮರದ್ದು, ಒಂದು ಕಡೆ ಅಲ್ಲಾಡುತ್ತಿತ್ತು. ಸರ್ಕಾರಿ ವಕೀಲರು ಪಾಟಿ ಸವಾಲಿಗೆ ಎದ್ದರು. ಜೋರು ಮಾಡುವವರಲ್ಲ. ಪೊಲೀಸ್ ಹೇಳಿಕೆಯ ಹಾಳೆ ಅವರ ಕೈಯಲ್ಲಿತ್ತು. ಅವರು ಕೇಳುವುದು, ನಾನು ಹೂಂ ಅಥವಾ ಇಲ್ಲ ಅನ್ನುವುದು, ನ್ಯಾಯಾಧೀಶರು ಅದನ್ನು ಕೋರ್ಟಿನ ಕನ್ನಡಕ್ಕೆ ತಿರುಗಿಸಿ ಟೈಪಿಸ್ಟಿಗೆ ಹೇಳುವುದು.

ನನ್ನ ತಂದೆ ಜಾಮೀನು ಹಾಕಿದ ವಿಚಾರದಲ್ಲಿ ನನಗೂ ಅವರಿಗೂ ಜಗಳವಾಗಿತ್ತು ಎಂದರೆ ಸರಿ.

ಆ ನಂತರ ಅವರು ಕಾಣೆಯಾಗುವವರೆಗೆ ನಾನು ಅವರೊಂದಿಗೆ ಮಾತನಾಡಿರಲಿಲ್ಲ ಎಂದರೆ ಸರಿ.

ಮನಸ್ತಾಪದ ಕಾರಣ ನನ್ನ ತಂದೆ ಬದುಕಿದ್ದರೂ ನನಗೆ ಸುದ್ದಿ ತಿಳಿಸುತ್ತಿರಲಿಲ್ಲ ಎಂದರೆ...

ಟೈಪಿಸ್ಟಿನ ಬೆರಳು ನಿಂತಿತು. ಫ್ಯಾನಿನ ಸದ್ದು. ಹೊರಗೆ ಯಾರದೋ ಕೇಸು ಕೂಗುತ್ತಿದ್ದರು. ನ್ಯಾಯಾಧೀಶರು, "ಹೇಳಿಮ್ಮ" ಅಂದರು. ನಾನು ಅಮ್ಮನ ಕಡೆ ನೋಡಿದೆ. ಅವಳು ತನ್ನ ಬ್ಯಾಗಿನ ಜಿಪ್ಪು ಎಳೆಯುತ್ತಾ, ಹಾಕುತ್ತಾ ಕೂತಿದ್ದಳು.

"ಇಲ್ಲ ಸರ್. ತಿಳಿಸ್ತಿದ್ರು."

ಸರಿಯಲ್ಲ, ಎಂದು ಟೈಪ್ ಆಯಿತು. ಹೇಳಿಕೆಯನ್ನು ಓದಿ ಹೇಳಿದರು, ಪುಟದ ಕೆಳಗೆ ಸಹಿ ಹಾಕಿದೆ. ಎಲ್ಲ ಸೇರಿ ಇಪ್ಪತ್ತು ನಿಮಿಷ.

ಡಿಕ್ರಿ ಆಗಿದ್ದು 2023ರಲ್ಲಿ. ದಾವೆ ಹಾಕಿದ ದಿನಕ್ಕೆ ಅಪ್ಪ ಮೃತರು ಎಂದು ಘೋಷಣೆ. ಮರಣ ಪತ್ರ ಮಾಡಿಸಲು ಹೋದಾಗ ಗುಮಾಸ್ತರು ಫಾರಂ ತುಂಬುತ್ತಾ ಒಂದು ಕಡೆ ನಿಂತರು. "ಸತ್ತ ಸ್ಥಳ ಏನ್ ಹಾಕ್ಲಿ? ಡಿಕ್ರೀಲಿ ಇಲ್ಲ. ಖಾಲಿ ಬಿಟ್ರೆ ಕಂಪ್ಯೂಟರ್ ತಗೊಳ್ಳೋದಿಲ್ಲ." ಎರಡು ದಿನ ಮೇಲಿನವರ ಹತ್ತಿರ ಕೇಳಿ, ಕೊನೆಗೆ ನಮ್ಮೂರ ಹೆಸರು ಹಾಕಿದರು. ಕಾಗದದ ಪ್ರಕಾರ ಅಪ್ಪ ಈಚೆ ದಡಕ್ಕೆ ಬಂದು, ಮನೆಯಲ್ಲಿ ಸತ್ತಿದ್ದಾರೆ. ಅಮ್ಮ ಕುಂಕುಮ ತೆಗೆದಿಲ್ಲ. ಯಾರೂ ಕೇಳಿಲ್ಲ. ಕೇಳುವ ಧೈರ್ಯವೂ ನಮ್ಮ ಪೈಕಿ ಯಾರಿಗೂ ಇಲ್ಲ.

2025ರ ಜುಲೈ 14ಕ್ಕೆ ಸಿಗಂದೂರು ಸೇತುವೆ ಶುರುವಾಯಿತು. 2.44 ಕಿಲೋಮೀಟರ್. ಹರಕೆ ತೀರಿಸಬೇಕು ಎಂದು ಅಮ್ಮನನ್ನು ಕರೆದುಕೊಂಡು ಹೋದೆ. ಹರಕೆ ಫಲಿಸಿಲ್ಲವಲ್ಲ ಎಂದರೆ, "ಹೇಳ್ಕೊಂಡಿದ್ದು ನಾನು, ತೀರಿಸ್ತೀನಿ" ಅಂದಳು. ಕಾರು ಸೇತುವೆ ಹತ್ತಿದಾಗ ನೀರಿನ ಕಡೆಯ ಸೀಟು ಬೇಡ ಎಂದು ನಡುವಿಗೆ ಸರಿದು ಕೂತಳು. ಅರ್ಧ ದಾರಿಗೆ ಬಂದಾಗ, "ಇಷ್ಟೇನಾ?" ಎಂದು ಕೇಳಿದಳು.

ಆ ವರ್ಷದ ಕೊನೆಗೆ ಸ್ಟೇಷನ್ನಿನಿಂದ ಫೋನ್ ಬಂತು. ವರ್ಷಕ್ಕೊಮ್ಮೆ, ಬಾಕಿ ಪ್ರಕರಣಗಳ ಪಟ್ಟಿ ಮಾಡುವಾಗ ಅವರು ಕೇಳುತ್ತಾರೆ. ಹೊಸ ಕಾನ್‌ಸ್ಟೇಬಲ್, ಎಳೇ ದನಿ.

"ಮೇಡಂ, ನಿಮ್ಮ ತಂದೆಯವರದ್ದು ಏನಾದ್ರೂ ಮಾಹಿತಿ ಬಂತಾ?"

ಕೋರ್ಟಿನಲ್ಲಿ ಡಿಕ್ರಿ ಆಗಿದೆ, ಮರಣ ಪತ್ರವೂ ಬಂದಿದೆ ಎಂದೆ.

"ಅದು ಸಿವಿಲ್ಲು ಮೇಡಂ. ನಮ್ಮಲ್ಲಿ ಕಾಣೆ ಅಂತ್ಲೇ ಇದೆ." ಹಾಳೆ ತಿರುವುವ ಸದ್ದು ಕೇಳಿಸಿತು. "ಫೈಲಲ್ಲಿರೋ ಫೋಟೋ ಪೂರ್ತಿ ಮಾಸಿ ಹೋಗಿದೆ. ಇನ್ನೊಂದು ಇದ್ರೆ ವಾಟ್ಸ್‌ಆ್ಯಪ್ ಮಾಡ್ತೀರಾ?"

ಕಳಿಸಿದೆ. ಕೆಳಗೆ, ಕಂದು ಚೌಕುಳಿ ಶರ್ಟು ಎಂದು ಮತ್ತೊಮ್ಮೆ ಬರೆದೆ.